ಓದುಗರೊಡನೆ: ಅಣ್ಣಾವ್ರ ಹಾಡು, ಶ್ರೀನಿವಾಸ್ ಅವರ ಕಂಠ ಮತ್ತು ಸೋಮವಾರಪೇಟೆಯ ಒಂದು ಮುನಿಸು

ಕಳೆದ ಸಂಚಿಕೆಯ ಈ ಅಂಕಣದಲ್ಲಿ ರಾಜ್‌ಕುಮಾರ್ ಅವರ ಗಾಯನವನ್ನು ಕುರಿತು ಬರೆಯುತ್ತ, 1974ಕ್ಕೆ ಮೊದಲು ತೆರೆಯ ಮೇಲೆ ಅವರ ಹಾಡುಗಳಿಗೆ ಹೆಚ್ಚಾಗಿ ಕಂಠ ಕೊಟ್ಟವರು ಪಿ.ಬಿ. ಶ್ರೀನಿವಾಸ್ ಎಂದು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಆ ವಾಕ್ಯಕ್ಕೆ ಬಂದಷ್ಟು ಪತ್ರಗಳು ಕಾಫಿ ಬೆಲೆಯ ಬಗ್ಗೆ ಬರೆದಾಗಲೂ ಬಂದಿರಲಿಲ್ಲ. ಆದ್ದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅಣ್ಣಾವ್ರ ಅಭಿಮಾನಿಗಳಿಗೇ ಬಿಟ್ಟುಕೊಟ್ಟಿದ್ದೇನೆ. ಹೆಸರು ಬೇಡವೆಂದು ಹಲವರು ಕೋರಿರುವುದರಿಂದ ಎಲ್ಲರ ಊರನ್ನು ಮಾತ್ರ ನಮೂದಿಸಲಾಗಿದೆ.

ಪ್ರಶ್ನೆ: ನನ್ನ ತಂದೆಯವರಿಗೆ 78 ವರ್ಷ. ಚಿಕ್ಕಂದಿನಲ್ಲಿ ಟೆಂಟ್ ಸಿನಿಮಾದಲ್ಲಿ ನೆಲದ ಮೇಲೆ ಕೂತು ‘ಬೇಡರ ಕಣ್ಣಪ್ಪ’ ನೋಡಿದ ದಿನದಿಂದ ಅವರಿಗೆ ಅಣ್ಣಾವ್ರೇ ಸರ್ವಸ್ವ. ಹಳೆಯ ಹಾಡುಗಳನ್ನೆಲ್ಲ ಅಣ್ಣಾವ್ರೇ ಹಾಡಿದ್ದೆಂದು ಅವರು ಇಷ್ಟು ವರ್ಷ ನಂಬಿದ್ದರು. ನಾನು ನಿಮ್ಮ ಅಂಕಣವನ್ನು ಓದಿ ಹೇಳಿದ ಮೇಲೆ ರೇಡಿಯೋದಲ್ಲಿ ಹಳೆಯ ಹಾಡು ಬಂದರೆ ಆರಿಸಿಬಿಡುತ್ತಾರೆ, ನನ್ನೊಡನೆ ಸರಿಯಾಗಿ ಮಾತನ್ನೂ ಆಡುತ್ತಿಲ್ಲ. ನಾನು ಹೇಳಬಾರದಿತ್ತೇ?
(ಸೋಮವಾರಪೇಟೆ)

ಉತ್ತರ: ಮೊದಲಿಗೆ ನಿಮ್ಮ ತಂದೆಯವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ. ಹೇಳಬೇಕಾದದ್ದರಲ್ಲಿ ಅರ್ಧವನ್ನು ಮಾತ್ರ ಹೇಳಿ ಅವರನ್ನು ನೋಯಿಸಿದವನು ನಾನು, ನೀವಲ್ಲ. ಉಳಿದ ಅರ್ಧವನ್ನು ಈಗ ಹೇಳುತ್ತೇನೆ. ಇದನ್ನೂ ಅವರಿಗೆ ಓದಿ ಹೇಳಿ.

1954ರಲ್ಲಿ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರು ಮುತ್ತುರಾಜನೆಂಬ ಕಂಪನಿ ನಾಟಕದ ಹುಡುಗನಿಗೆ ರಾಜ್‌ಕುಮಾರ್ ಎಂಬ ಹೊಸ ಹೆಸರಿಟ್ಟು ಕಣ್ಣಪ್ಪನ ಪಾತ್ರ ಕೊಟ್ಟಾಗ, ‘ಶಿವಪ್ಪ ಕಾಯೋ ತಂದೆ’ ಎಂಬ ಹಾಡಿಗೆ ಸಿ.ಎಸ್. ಜಯರಾಮನ್ ಅವರ ಕಂಠವನ್ನು ಬಳಸಿಕೊಳ್ಳಲಾಯಿತು. ಹಿನ್ನೆಲೆ ಗಾಯನದ ಪದ್ಧತಿ ಅಷ್ಟರಲ್ಲಿ ದಕ್ಷಿಣದ ಚಿತ್ರರಂಗದಲ್ಲಿ ಗಟ್ಟಿಯಾಗಿ ಬೇರೂರಿತ್ತು. ನಟನಿಗೆ ಹಾಡಲು ಬರುವುದಿಲ್ಲವೆಂದು ಅದರ ಅರ್ಥವಲ್ಲ. ಎರಡೇ ವರ್ಷಗಳ ನಂತರ ‘ಓಹಿಲೇಶ್ವರ’ ಚಿತ್ರದಲ್ಲಿ ರಾಜ್‌ಕುಮಾರ್ ತಾವೇ ಒಂದು ಹಾಡು ಹಾಡಿದರು, 1959ರ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಡನೆ ‘ತುಂಬಿತು ಮನವ’ ಎಂಬ ಯುಗಳಗೀತೆಗೂ ದನಿಗೂಡಿಸಿದರು. ಎಂದರೆ, ಹಳೆಯ ಹಾಡುಗಳಲ್ಲಿ ಅಣ್ಣಾವ್ರದೇ ಕಂಠವಿದೆಯೆಂಬ ನಿಮ್ಮ ತಂದೆಯವರ ನಂಬಿಕೆ ಪೂರ್ತಿ ಸುಳ್ಳಲ್ಲ. ಎಲ್ಲ ಹಾಡುಗಳಲ್ಲಿಯೂ ಇದೆಯೆಂದದ್ದು ಮಾತ್ರ ತುಸು ಹೆಚ್ಚಾಯಿತು.

ಇನ್ನು ಶ್ರೀನಿವಾಸ್ ಅವರ ವಿಷಯ. 1930ರಲ್ಲಿ ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ಅವರು ಕನ್ನಡದ ಒಂದೊಂದು ಅಕ್ಷರವನ್ನೂ ಹೂವು ಬಿಡಿಸಿದ ಹಾಗೆ ಬಿಡಿಸಿ ಹಾಡಿದರು. ರಾಜ್‌ಕುಮಾರ್ ಶರೀರ, ಶ್ರೀನಿವಾಸ್ ಶಾರೀರ ಎಂಬ ಮಾತು ನಮ್ಮಲ್ಲಿ ಬಹು ಕಾಲದಿಂದ ಚಾಲ್ತಿಯಲ್ಲಿದೆ. ಮಾತು ಸೊಗಸಾಗಿದೆಯಾದರೂ ಅದನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ, ಏಕೆಂದರೆ ಶರೀರವೆಂದಾಗ ತುಟಿ ಆಡಿಸುವ ಬೊಂಬೆಯೊಂದು ಕಣ್ಣ ಮುಂದೆ ಬರುತ್ತದೆ. ಆ ಹಳೆಯ ಚಿತ್ರಗಳನ್ನು ಒಮ್ಮೆ ದನಿ ಆರಿಸಿ ನೋಡಿ. ಪಲ್ಲವಿ ಎತ್ತಿಕೊಳ್ಳುವ ಮೊದಲು ಎದೆ ತುಂಬುವುದು, ಮೇಲಿನ ಸ್ವರಕ್ಕೆ ಹೋಗುವಾಗ ಕೊರಳ ನರ ಬಿಗಿಯುವುದು, ಸಾಲು ಮುಗಿಯುತ್ತ ಬಂದಂತೆ ಉಸಿರು ಇಳಿದು ಭುಜ ಸಡಿಲವಾಗುವುದು, ಇವೆಲ್ಲ ಆ ಮುಖದಲ್ಲಿ, ಆ ಮೈಯಲ್ಲಿ ಕಾಣುತ್ತವೆ. ಹಾಡಲು ಬಾರದ ನಟನಿಗೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂಬುದೇ ತಿಳಿದಿರುವುದಿಲ್ಲ. 1966ರ ‘ಸಂಧ್ಯಾರಾಗ’ದಲ್ಲಿ ಸಂಗೀತಗಾರನ ಪಾತ್ರ ಮಾಡಿದ ಅವರಿಗೆ ಒಂದು ಕಡೆ ಭೀಮಸೇನ ಜೋಶಿಯವರ ಕಂಠವಿದೆ. ಅಂಥ ಘನವಾದ ದನಿ ಬೇರೊಬ್ಬರ ಬಾಯಿಂದ ಬರುವಾಗ ನೋಡುವವರಿಗೆ ನಗು ಬರಬೇಕಾಗಿತ್ತು, ಬರುವುದಿಲ್ಲ. ನಿಮ್ಮ ತಂದೆಯವರು ಟೆಂಟಿನಲ್ಲಿ ಕೂತು, ಹಾಡುತ್ತಿರುವವನು ಇವನೇ ಎಂದುಕೊಂಡದ್ದು ಮುಗ್ಧತೆಯಿಂದಲ್ಲ. ಹಾಡಬಲ್ಲವನೊಬ್ಬ ತೆರೆಯ ಮೇಲಿದ್ದಾನೆಂಬುದನ್ನು ಅವರ ಕಣ್ಣು ಸರಿಯಾಗಿಯೇ ಗುರುತಿಸಿತ್ತು.

ರೇಡಿಯೋ ಮತ್ತೆ ಹಾಕಿಸಿ. ನಮ್ಮ ಮನೆಯಲ್ಲಿ ಜುಲೈ ತಿಂಗಳಲ್ಲಿ ಕರೆಂಟು ಹೋಗಿ ವಾರಗಟ್ಟಲೆ ಬಾರದಿದ್ದಾಗ, ಸೊರಗಿದ ಸೆಲ್ಲುಗಳನ್ನು ಬಿಸಿಲಿಗಿಡಲು ಬಿಸಿಲೇ ಇಲ್ಲದೆ ಒಲೆಯ ಪಕ್ಕದಲ್ಲಿಟ್ಟು ಕಾಯಿಸಿ ಈ ಹಾಡುಗಳನ್ನು ಕೇಳಿದ್ದೇವೆ. ಆಗ ಹಾಡಿದವರು ಯಾರೆಂದು ಕೇಳುವ ವ್ಯವಧಾನವೂ ನಮಗಿರಲಿಲ್ಲ, ಹಾಡು ಮುಗಿಯುವ ತನಕ ಸೆಲ್ಲು ಉಳಿದರೆ ಸಾಕಿತ್ತು.

ಪ್ರಶ್ನೆ: ರಾಜ್‌ಕುಮಾರ್ ಅವರ ಗಾಯನಕ್ಕೆ ಕಂಪನಿ ನಾಟಕವೇ ಮೂಲವೆಂದು ಎಲ್ಲರೂ ಬರೆಯುತ್ತಾರೆ. ಅಲ್ಲಿ ಅವರು ನಿಜವಾಗಿ ಕಲಿತದ್ದೇನು? ಕೊಡಗಿನ ನಮಗೆ ಆ ರಂಗಭೂಮಿಯ ಪರಿಚಯ ಕಡಿಮೆ.
(ವಿರಾಜಪೇಟೆ)

ಉತ್ತರ: ಮಳೆಗಾಲದಲ್ಲಿ ತಗಡಿನ ಚಾವಣಿಯ ಕೆಳಗೆ ನಿಂತು, ಹತ್ತು ಮಾರು ದೂರದಲ್ಲಿರುವವರೊಡನೆ, ಕಿರುಚದೆ, ಪ್ರತಿಯೊಂದು ಪದವೂ ತಿಳಿಯುವಂತೆ ಮಾತನಾಡಿ ನೋಡಿ. ಮೈಕ್ ಇಲ್ಲದ ಕಾಲದ ಕಂಪನಿ ನಟನ ಕಸುಬು ಏನೆಂಬುದು ಅಲ್ಲಿಗೆ ಅರ್ಥವಾಗುತ್ತದೆ. ಒಂದು ಬದಿಯಲ್ಲಿ ಲೆಗ್ ಹಾರ್ಮೋನಿಯಂ, ತಬಲ. ಎದುರಿಗೆ ಸಾವಿರ ಜನ. ಹಾಡು ಮೆಚ್ಚಿಗೆಯಾದರೆ ‘ಒನ್ಸ್ ಮೋರ್’ ಎಂಬ ಕೂಗು ಬಿದ್ದು, ಸಾಯುತ್ತಿರುವ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಾಗುತ್ತಿತ್ತು. ಇದನ್ನು ತಮಾಷೆಯಾಗಿ ಹೇಳುವುದುಂಟು, ಆದರೆ ಪ್ರೇಕ್ಷಕ ದುಡ್ಡು ಕೊಟ್ಟು ಬಂದದ್ದೇ ಹಾಡಿಗಾಗಿ ಎಂಬುದನ್ನು ಆ ಕೂಗು ದಿನವೂ ನಟನಿಗೆ ನೆನಪಿಸುತ್ತಿತ್ತು.

1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯನ್ನು ಗುಬ್ಬಿ ವೀರಣ್ಣನವರು ಬೆಳೆಸಿದ ರೀತಿಯನ್ನು ಇಲ್ಲಿ ಬರೆಯಹೊರಟರೆ ಪುಟ ಸಾಲದು. ಕುರುಕ್ಷೇತ್ರ ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದವರು ಅವರು. ಆ ಕಂಪನಿಯಲ್ಲಿ ರಾಜ್‌ಕುಮಾರ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರೌದ್ರ ಪಾತ್ರಗಳಿಗೆ ಹೆಸರಾಗಿದ್ದರು. 1929ರ ಏಪ್ರಿಲ್ 24ರಂದು ಗಾಜನೂರಿನಲ್ಲಿ ಹುಟ್ಟಿದ ಮಗ ಶಾಲೆಗಿಂತ ಹೆಚ್ಚಾಗಿ ಪರದೆಯ ಹಿಂದೆ ಬೆಳೆದವನು. ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಅದೇ ಗರಡಿಯವರು. ಮುಂದೆ ಸಿನಿಮಾದಲ್ಲಿ ಕೆಲಸ ಸಿಗದೆ ಕೈ ಖಾಲಿಯಾದಾಗ ಈ ನಾಲ್ವರೂ ಕನ್ನಡ ಕಲಾವಿದರ ಸಂಘವನ್ನು ಕಟ್ಟಿಕೊಂಡು ಊರೂರು ತಿರುಗಿ ನಾಟಕವಾಡಿದರು, 1960ರಲ್ಲಿ ‘ರಣಧೀರ ಕಂಠೀರವ’ ಚಿತ್ರವನ್ನೂ ತಯಾರಿಸಿದರು. ನಾಟಕ ಅವರಿಗೆ ಬಿಟ್ಟುಬಂದ ಹಳೆಯ ಮನೆಯಾಗಿರಲಿಲ್ಲ. ಕಷ್ಟ ಬಂದಾಗ ಅನ್ನ ಹಾಕಿದ ಮನೆಯಾಗಿತ್ತು.

ಅಲ್ಲಿ ಕಲಿತದ್ದರಲ್ಲಿ ಮುಖ್ಯವಾದುದು ಮಾತಿನಿಂದ ಹಾಡಿಗೆ ಹೋಗುವ ಸಂಧಿ. ಸಾಮಾನ್ಯ ಸಿನಿಮಾದಲ್ಲಿ ಮಾತು ನಿಲ್ಲುತ್ತದೆ, ವಾದ್ಯ ಮೊಳಗುತ್ತದೆ, ಹಾಡು ಶುರುವಾಗುತ್ತದೆ. ಕಂಪನಿ ನಟ ಹಾಗೆ ಮಾಡುವುದಿಲ್ಲ. ಅವನ ಮಾತೇ ಮೆಲ್ಲನೆ ಶ್ರುತಿಗೆ ಏರಿ ಕಂದಪದ್ಯವಾಗುತ್ತದೆ, ಪದ್ಯದ ಕೊನೆಯ ಪದ ಮತ್ತೆ ಮಾತಿಗೆ ಇಳಿಯುತ್ತದೆ. 1977ರ ‘ಬಭ್ರುವಾಹನ’ದಲ್ಲಿ ಅರ್ಜುನನೂ ಅವನ ಮಗನೂ ಹಾಡಿನಲ್ಲೇ ಕಾದಾಡುವ ‘ಯಾರು ತಿಳಿಯರು ನಿನ್ನ’ ಎಂಬ ಗೀತೆಯನ್ನು ಕೇಳಿ. ಎರಡು ಪಾತ್ರಗಳೂ ರಾಜ್‌ಕುಮಾರ್ ಅವರವೇ. ಕಂಠಗಳು ಮಾತ್ರ ಎರಡು, ಒಂದು ಅವರದು, ಇನ್ನೊಂದು ಶ್ರೀನಿವಾಸ್ ಅವರದು. ಮೂದಲಿಕೆ, ಮರುಮೂದಲಿಕೆ, ನಗುವಿನೊಳಗಿನ ಹಲ್ಲುಕಡಿತ ಎಲ್ಲವೂ ಅಪ್ಪಟ ರಂಗಗೀತೆಯ ಜಾಡಿನಲ್ಲಿವೆ. ಮೇಲಿನ ಸೋಮವಾರಪೇಟೆಯ ಹಿರಿಯರಿಗೆ ನಾನು ಮೊದಲು ಕೇಳಿಸಬಯಸುವ ಹಾಡೂ ಇದೇ.

ಕೊಡಗಿಗೆ ಈ ರಂಗಭೂಮಿ ದೂರದ್ದೆಂಬ ನಿಮ್ಮ ಮಾತಿಗೆ ಸಣ್ಣದೊಂದು ತಕರಾರಿದೆ. 1868ರಿಂದ 1944ರವರೆಗೆ ಬಾಳಿದ ನಮ್ಮ ಹರದಾಸ ಅಪ್ಪಚ್ಚ ಕವಿಗಳು ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ, ಕಾವೇರಿಯರ ಕಥೆಗಳನ್ನು ಕೊಡವರ ನುಡಿಯಾದ ಕೊಡವ ತಕ್ಕ್‌ನಲ್ಲಿ ನಾಟಕಗಳಾಗಿ ಬರೆದಾಗ ಅವುಗಳಲ್ಲಿ ಹಾಡುಗಳನ್ನು ತುಂಬಿದ್ದರು. ಹಾಡದ ನಟನನ್ನು ನಟನೆಂದು ಒಪ್ಪದ ಕಾಲ ಇಲ್ಲಿಯೂ ಇತ್ತು.

ಪ್ರಶ್ನೆ: ಅವರು ನಟಿಸಿದ ಚಿತ್ರಗಳು ಒಟ್ಟು ಎಷ್ಟು?
(ಕುಶಾಲನಗರ)

ಉತ್ತರ: ಇನ್ನೂರಕ್ಕೂ ಹೆಚ್ಚು. ನಾಯಕನಾಗುವ ಮೊದಲಿನ ಸಣ್ಣ ಪಾತ್ರಗಳನ್ನು ಸೇರಿಸುವವರಿಗೆ ಒಂದು ಲೆಕ್ಕ, ಬಿಡುವವರಿಗೆ ಇನ್ನೊಂದು. ಕೊನೆಯದು 2000ದಲ್ಲಿ ಬಂದ ‘ಶಬ್ದವೇಧಿ’.

ಪ್ರಶ್ನೆ: ‘ಹುಲಿಯ ಹಾಲಿನ ಮೇವು’ ನಮ್ಮ ಕೊಡಗಿನ ಕಥೆ. ಆದರೆ ಅದರ ಹಾಡುಗಳಲ್ಲಿ ನಮ್ಮ ದುಡಿಯೂ ಇಲ್ಲ, ವಾಲಗದ ಕುಣಿತವೂ ಇಲ್ಲವೆಂದು ನನ್ನ ಮಾವನವರು ಗೊಣಗುತ್ತಾರೆ. ನನಗಾದರೋ ಆ ಹಾಡುಗಳೆಂದರೆ ಪ್ರಾಣ. ಯಾರು ಸರಿ?
(ಪೊನ್ನಂಪೇಟೆ)

ಉತ್ತರ: ಮಾವನವರೊಡನೆ ವಾದಕ್ಕೆ ನಿಲ್ಲಬೇಡಿ, ಅವರ ಮಾತಿನಲ್ಲಿ ಹುರುಳಿದೆ. ನಮ್ಮವರೇ ಆದ ಭಾರತೀಸುತರ ಕಾದಂಬರಿಯನ್ನು ಆಧರಿಸಿದ ಆ ಚಿತ್ರ 1979ರಲ್ಲಿ ಬಂದಾಗ, ಅಣ್ಣಾವ್ರು ಕೊಡವ ವೀರನಾಗಿ ಬಂದರೆಂಬ ಹೆಮ್ಮೆಯಲ್ಲಿ ನಾವು ಉಳಿದುದನ್ನು ಅಷ್ಟಾಗಿ ಗಮನಿಸಲಿಲ್ಲ. ಜಿ.ಕೆ. ವೆಂಕಟೇಶ್ ಅವರು ಸಂಯೋಜಿಸಿದ್ದು ಚಿತ್ರಗೀತೆಯನ್ನು, ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟನ್ನಲ್ಲ. ನಾಲ್ವರು ದುಡಿ ಹಿಡಿದು ಎದುರುಬದುರಾಗಿ ಗಂಟೆಗಟ್ಟಲೆ ಎಳೆಯುವ ಪಾಟನ್ನು ನಾಲ್ಕು ನಿಮಿಷದ ಹಾಡಿಗೆ ಕತ್ತರಿಸಿ ಹಾಕಿದ್ದರೆ ಮಾವನವರು ಇನ್ನೂ ಹೆಚ್ಚು ಗೊಣಗುತ್ತಿದ್ದರೆಂದು ನನ್ನ ಊಹೆ.

ನಿಮ್ಮ ಪಕ್ಷವನ್ನೂ ಹೇಳುತ್ತೇನೆ. ‘ಸಂಪತ್ತಿಗೆ ಸವಾಲ್’ ಚಿತ್ರ ಬಂದು ಐದು ವರ್ಷಗಳಾಗಿದ್ದವು. ಧುತ್ತರಗಿಯವರ ಕಂಪನಿ ನಾಟಕವನ್ನು ಆಧರಿಸಿದ 1974ರ ಆ ಚಿತ್ರಕ್ಕೆ, ಶ್ರೀನಿವಾಸ್ ಅವರು ದೊರೆಯದ ಸಂದರ್ಭದಲ್ಲಿ ಇದೇ ವೆಂಕಟೇಶ್ ಅವರು ರಾಜ್‌ಕುಮಾರ್ ಅವರಿಂದಲೇ ‘ಯಾರೇ ಕೂಗಾಡಲಿ’ ಹಾಡಿಸಿದ್ದರು. ಆ ಹಾಡಿನಲ್ಲಿ ಇನ್ನೂ ರಂಗದ ಮೇಲಿನ ತೆರೆದ ಗಂಟಲಿದೆ. ಎಮ್ಮೆಯ ಮೇಲೆ ಕೂತವನು ಊರಿಗೆಲ್ಲ ಕೇಳುವಂತೆ ಹಾಡಬೇಕಲ್ಲವೇ! ಐದು ವರ್ಷಗಳ ಬಳಿಕ ‘ಹುಲಿಯ ಹಾಲಿನ ಮೇವು’ ಚಿತ್ರಕ್ಕೆ ‘ಬೆಳದಿಂಗಳಾಗಿ ಬಾ’ ಹಾಡುವಾಗ ಅದೇ ಗಂಟಲು ಮೈಕ್‌ನ ಹತ್ತಿರ ಬಂದು ಪಿಸುಮಾತಿನ ಹದಕ್ಕೆ ಇಳಿದಿದೆ. ನಲವತ್ತು ದಾಟಿದ ಮೇಲೆ ಹಿನ್ನೆಲೆ ಗಾಯಕನಾದವರೊಬ್ಬರು ಇಷ್ಟು ಬೇಗ ಮೈಕ್‌ನ ಗುಟ್ಟನ್ನು ಕಲಿತದ್ದು ನನಗೆ ಅವರ ಪ್ರಶಸ್ತಿಗಳಿಗಿಂತ ದೊಡ್ಡದಾಗಿ ಕಾಣುತ್ತದೆ. ನೀವು ಆ ಹಾಡನ್ನು ಪ್ರೀತಿಸುವುದಕ್ಕೆ ಕೊಡಗಿನ ನೆಪ ಬೇಕಿಲ್ಲ.

ಪ್ರಶ್ನೆ: ನನ್ನ ಮಗ ಕಟೌಟಿಗೆ ಹಾಲೆರೆಯುವ ಗುಂಪಿನಲ್ಲಿ ಸೇರಿಕೊಂಡಿದ್ದಾನೆ. ಕೇಳಿದರೆ, ಅಣ್ಣಾವ್ರೇ ನಮ್ಮನ್ನು ದೇವರುಗಳೆಂದು ಕರೆದಿದ್ದಾರೆ ಎನ್ನುತ್ತಾನೆ. ಏನು ಹೇಳಲಿ?
(ಗೋಣಿಕೊಪ್ಪಲು)

ಉತ್ತರ: ‘ಅಭಿಮಾನಿ ದೇವರುಗಳು’ ಎಂಬುದು ಅವರ ಮಾತೇ ಸರಿ. ಆದರೆ ಅದು ಯಾರ ಮಾತೆಂದು ಯೋಚಿಸಬೇಕು. ಪ್ರೇಕ್ಷಕ ಬಾರದ ದಿನ ಒಲೆ ಹೊತ್ತದ ಕಂಪನಿಯಲ್ಲಿ ಬೆಳೆದವರಿಗೆ ಎದುರಿಗೆ ಕೂತವನು ನಿಜಕ್ಕೂ ದೇವರೇ. ಅದು ನಟನು ಕೈಮುಗಿದು ಹೇಳಬೇಕಾದ ಮಾತು, ಅಭಿಮಾನಿಯು ಎದೆ ತಟ್ಟಿಕೊಂಡು ಹೇಳುವಂಥದ್ದಲ್ಲ. 2006ರ ಏಪ್ರಿಲ್ 12ರಂದು ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ನಡೆದ ಗಲಭೆಯಲ್ಲಿ ಜೀವಗಳು ಹೋದವು, ಅವರಲ್ಲಿ ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿಯೊಬ್ಬರೂ ಇದ್ದರು. ಅದೇ ದಿನ ಅವರ ಕಣ್ಣುಗಳು ದಾನವಾಗಿದ್ದವು. ಇವೆರಡನ್ನೂ ಮಗನಿಗೆ ಒಟ್ಟಿಗೇ ಹೇಳಿ. ಹಾಲಿನ ವಿಷಯಕ್ಕೆ ಹೆಚ್ಚು ಬೈಯಬೇಡಿ. ಹಾಲಿನ ದುಡ್ಡು ಅವನದೇ ಜೇಬಿನದಾದರೆ ಎರಡು ವರ್ಷದಲ್ಲಿ ತಾನೇ ನಿಲ್ಲಿಸುತ್ತಾನೆ.

ಪ್ರಶ್ನೆ: ಈ ಬಾರಿಯ ದಸರಾದಲ್ಲಿ ಗಾಂಧಿ ಮೈದಾನದ ವೇದಿಕೆಯ ಮೇಲೆ ಅಣ್ಣಾವ್ರ ಒಂದು ಹಾಡು ಹಾಡಬೇಕೆಂದಿದ್ದೇನೆ. ಕಾಲೇಜು ವಿದ್ಯಾರ್ಥಿ, ಎರಡು ವರ್ಷ ಸಂಗೀತ ಕಲಿತಿದ್ದೇನೆ. ಅವರಿಗೆ ರಾಷ್ಟ್ರಪ್ರಶಸ್ತಿ ತಂದ ‘ನಾದಮಯ’ವನ್ನೇ ಆರಿಸಿಕೊಳ್ಳಲೇ?
(ಮಡಿಕೇರಿ)

ಉತ್ತರ: ಬೇಡ. 1992ರ ‘ಜೀವನ ಚೈತ್ರ’ದ ಆ ಹಾಡು ತೋಡಿ ರಾಗದಲ್ಲಿದೆ. ತೋಡಿಯ ಗಾಂಧಾರ ಎರಡು ವರ್ಷದ ಕಲಿಕೆಗೆ ದಕ್ಕುವ ಸ್ವರವಲ್ಲ. ಅದನ್ನು ಹಾಡುವ ಹೊತ್ತಿಗೆ ಅವರಿಗೆ ಅರವತ್ತು ದಾಟಿತ್ತು. ಸಾಧನೆಗೆ ಹಿಡಿದ ಕಾಲವನ್ನು ನೀವೇ ಲೆಕ್ಕ ಹಾಕಿ. ‘ಯಾರೇ ಕೂಗಾಡಲಿ’ ಆರಿಸಿಕೊಳ್ಳಿ, ಜನ ಜೊತೆಗೂಡುತ್ತಾರೆ. ಇಲ್ಲವೇ ‘ಬೆಳದಿಂಗಳಾಗಿ ಬಾ’ ಎತ್ತಿಕೊಂಡು, ಅವರ ಶ್ರುತಿಗೆ ಏರಲು ಹೋಗದೆ ನಿಮ್ಮ ಶ್ರುತಿಗೆ ಇಳಿಸಿಕೊಳ್ಳಿ. ಅವರ ಮೂಗಿನ ನಾದವನ್ನು ಅನುಕರಿಸಬೇಡಿ, ಆರ್ಕೆಸ್ಟ್ರಾದವರೆಲ್ಲ ಮಾಡುವುದು ಅದನ್ನೇ. ಅವರಿಂದ ತೆಗೆದುಕೊಳ್ಳಬೇಕಾದದ್ದು ಉಚ್ಚಾರಣೆ: ಅಲ್ಪಪ್ರಾಣ, ಮಹಾಪ್ರಾಣಗಳು ಎಲ್ಲಿಯೂ ಕಲಸಿಹೋಗುವುದಿಲ್ಲ, ಒತ್ತಕ್ಷರ ನುಂಗಿಹೋಗುವುದಿಲ್ಲ.

ಅಕ್ಟೋಬರ್ ರಾತ್ರಿಯ ಮಂಜು ಗಂಟಲಿಗೆ ಕೂರುತ್ತದೆ. ವೇದಿಕೆ ಹತ್ತುವ ಮೊದಲು ಐಸ್‌ಕ್ರೀಮಿನ ಗಾಡಿಯ ಕಡೆ ಹೋಗದೆ ಕಾಳುಮೆಣಸಿನ ಕಷಾಯ ಕುಡಿಯಿರಿ. ಮೈಕ್ ಇದೆಯೆಂದು ಪದಗಳನ್ನು ಬಾಯೊಳಗೇ ಉಳಿಸಿಕೊಳ್ಳಬೇಡಿ. ಹಿಂದಿನ ಸಾಲಿನಲ್ಲಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಕೂತವರಿರುತ್ತಾರೆ.