ಪುಟ್ಟ ನಾಯಿಗೆ ದಿನಕ್ಕೆಷ್ಟು ಊಟ?

ಪ್ರಶ್ನೆ: ನಮ್ಮ ಪೊಮೆರೇನಿಯನ್‌ಗೆ ಮೂರು ವರ್ಷ, ತೂಕ 5 ಕೆ.ಜಿ. ಬೆಳಿಗ್ಗೆ ಒಂದು ಬಟ್ಟಲು ಡ್ರೈ ಫುಡ್, ರಾತ್ರಿ ಕುಚ್ಚಲಕ್ಕಿ ಅನ್ನಕ್ಕೆ ಬೂತಾಯಿ ಮೀನಿನ ಸಾರು ಕಲಸಿ ಕೊಡುತ್ತೇವೆ. ಪ್ರಮಾಣ ಸರಿಯೇ?
– ಓದುಗರು, ಮಲ್ಪೆ

ಉತ್ತರ: ಬಟ್ಟಲಿನ ಲೆಕ್ಕ ಬಿಡಿ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಈ ತೂಕದ ನಾಯಿಗೆ ದಿನಕ್ಕೆ ಸುಮಾರು 350 ಕ್ಯಾಲೊರಿ ಸಾಕು. ಪ್ಯಾಕೆಟ್ ಮೇಲೆ 100 ಗ್ರಾಂಗೆ 350 ಎಂದಿದ್ದರೆ, ಬರೀ ಡ್ರೈ ಫುಡ್ ಆದರೆ 100 ಗ್ರಾಂ, ಎರಡು ಹೊತ್ತಿಗೆ ಹಂಚಿ. 100 ಗ್ರಾಂ ಅನ್ನ ಹಾಕಿದ ದಿನ ಡ್ರೈ ಫುಡ್ 35–40 ಗ್ರಾಂ ಕಡಿಮೆ ಮಾಡಿ.

ಸಾರು ಮಾತ್ರ ಬೇಡವೇ ಬೇಡ. ಅದರಲ್ಲಿರುವ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಪ್ಪು, ಖಾರವೂ ಹೆಚ್ಚು. ಬೂತಾಯಿಯನ್ನು ಉಪ್ಪಿಲ್ಲದೆ ಬೇಯಿಸಿ, ಮುಳ್ಳು ತೆಗೆದು ಒಂದೆರಡು ತುಂಡು ಕೊಡಬಹುದು.

ಚಹಾದ ಹೊತ್ತಿನ ಬಿಸ್ಕತ್ತೂ ಲೆಕ್ಕಕ್ಕೆ ಬರಬೇಕು: ಒಂದು ಮಾರಿ ಬಿಸ್ಕತ್ತಿಗೆ ಸುಮಾರು 25 ಕ್ಯಾಲೊರಿ, ನಾಲ್ಕಾದರೆ ದಿನದ ಕಾಲು ಪಾಲಿಗಿಂತ ಹೆಚ್ಚು!

ದಪ್ಪ ರೋಮದೊಳಗೆ ಬೊಜ್ಜು ಕಾಣುವುದಿಲ್ಲ. ಪಕ್ಕೆಲುಬನ್ನು ಬೆರಳಿನಿಂದ ಮುಟ್ಟಿ ನೋಡಿ. ಒತ್ತಿದರೂ ಸಿಗದಿದ್ದರೆ ಪ್ರಮಾಣ ಶೇ 10 ಇಳಿಸಿ, ಎರಡು ವಾರ ಬಿಟ್ಟು ನಾಯಿಯನ್ನು ಮತ್ತೆ ತೂಗಿ. ಮಳೆಗಾಲದಲ್ಲಿ ತಿರುಗಾಟ ನಿಂತಾಗಲೂ ಹೀಗೆಯೇ. ಆಹಾರ ಬದಲಿಸುವುದಿದ್ದರೆ ಏಳು ದಿನ ಹಳೆಯದರೊಂದಿಗೆ ಬೆರೆಸುತ್ತಾ ಬನ್ನಿ, ಇಲ್ಲವಾದರೆ ಭೇದಿಯಾಗಬಹುದು.