ಗಾಳಿಗೆ ಉಲ್ಟಾ ಆಗದ ಛತ್ರಿ ಮಾಡುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಕೊನೇ ವರ್ಷದ ಮೆಕ್ಯಾನಿಕಲ್ ಪ್ರಾಜೆಕ್ಟಿಗೆ ಜೋರು ಗಾಳಿ ತಡೆಯುವ ಛತ್ರಿ ಮಾಡಬೇಕು ಅಂತಿದ್ದೀರಿ. ಕಡ್ಡಿಗಳನ್ನು ದಪ್ಪ ಸ್ಟೀಲಿನಲ್ಲಿ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ದಪ್ಪ ಕಡ್ಡಿ ಹಾಕಿದರೆ ಛತ್ರಿ ಮುರಿಯದೇ ಇರಬಹುದು, ಆದರೆ ಆ ಬಲವೆಲ್ಲ ಹಿಡಿದವರ ಮಣಿಕಟ್ಟಿಗೆ ಬರುತ್ತದೆ. ಹಾಗಾಗಿ ನೀವು ಕಡ್ಡಿಯಿಂದ ಶುರು ಮಾಡಬೇಡಿ, ಕೈಯಿಂದ ಶುರು ಮಾಡಿ.

ನಾನು ಪೀಣ್ಯದಲ್ಲಿ ಸಣ್ಣ ಲೋಹದ ಭಾಗಗಳನ್ನು ಡಿಸೈನ್ ಮಾಡುವ ಕೆಲಸದಲ್ಲಿದ್ದೇನೆ. ಮುರಿದ ಛತ್ರಿ ಕಂಡರೆ ಬಿಚ್ಚಿ ನೋಡುವುದು ಹಳೇ ಅಭ್ಯಾಸ. ಈ ವಿಷಯ ನನಗೆ ತುಂಬ ಇಷ್ಟ, ಅದಕ್ಕೇ ಉದ್ದಕ್ಕೆ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ ನೋಡೋಣ. ಗಾಳಿ ತಳ್ಳುವ ಬಲಕ್ಕೆ ಸೂತ್ರ ನಿಮಗೆ ಗೊತ್ತೇ ಇರುತ್ತದೆ: ಗಾಳಿಯ ಸಾಂದ್ರತೆಯ ಅರ್ಧ, ವೇಗದ ವರ್ಗ, ವಿಸ್ತೀರ್ಣ, ಡ್ರ್ಯಾಗ್ ಗುಣಾಂಕ (ವಸ್ತುವಿನ ಆಕಾರ ಗಾಳಿಯನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಸಂಖ್ಯೆ), ಎಲ್ಲದರ ಗುಣಾಕಾರ. 1 ಮೀಟರ್ ಅಗಲದ ಛತ್ರಿಯ ವಿಸ್ತೀರ್ಣ ಸುಮಾರು 0.78 ಚದರ ಮೀಟರ್. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 1.1 ಕೆ.ಜಿ. ತೂಗುತ್ತದೆ. (ಮಂಗಳೂರಿನಲ್ಲಿ ಇದಕ್ಕಿಂತ ಜಾಸ್ತಿ. ಅಷ್ಟೇ ವೇಗದ ಗಾಳಿ ಅಲ್ಲಿ ಸ್ವಲ್ಪ ಹೆಚ್ಚು ಬಲವಾಗಿ ತಳ್ಳುತ್ತದೆ. ನಿಮ್ಮ ಛತ್ರಿ ಇಲ್ಲಿ ಪಾಸಾಗಿ ಅಲ್ಲಿ ಫೇಲಾದರೆ ಇದೂ ಒಂದು ಕಾರಣ.) ಇನ್ನು ಡ್ರ್ಯಾಗ್ ಗುಣಾಂಕ. ಅರ್ಧಗೋಲದ ಟೊಳ್ಳು ಭಾಗಕ್ಕೆ ಗಾಳಿ ಬಡಿದರೆ ಅದು ಸುಮಾರು 1.4, ಉಬ್ಬು ಭಾಗಕ್ಕೆ ಬಡಿದರೆ 0.4ರ ಆಸುಪಾಸು. ಗಾಳಿಯ ವೇಗ ಅಳೆಯುವ ಬಟ್ಟಲುಗಳ ಯಂತ್ರ ತಿರುಗುವುದು ಈ ವ್ಯತ್ಯಾಸದಿಂದಲೇ. ಛತ್ರಿ ಪೂರ್ತಿ ಅರ್ಧಗೋಲ ಅಲ್ಲ, ಆದರೂ ಅಂದಾಜಿಗೆ ಈ ಸಂಖ್ಯೆಗಳು ಸಾಕು.

ಈಗ ಗಂಟೆಗೆ 36 ಕಿ.ಮೀ. ಗಾಳಿ ಅಂತಿಟ್ಟುಕೊಳ್ಳಿ. ಛತ್ರಿಯ ಒಳಗಡೆಗೆ ನುಗ್ಗಿದರೆ ಸುಮಾರು 60 ನ್ಯೂಟನ್, ಅಂದರೆ 6 ಕೆ.ಜಿ. ತೂಕದಷ್ಟು. ಉಬ್ಬಿನ ಕಡೆ ಬಡಿದರೆ 2 ಕೆ.ಜಿ.ಯೂ ಇಲ್ಲ. ವೇಗ ಎರಡರಷ್ಟಾದರೆ ಬಲ ನಾಲ್ಕರಷ್ಟು. 72 ಕಿ.ಮೀ. ಗಾಳಿ ಒಳಗೆ ನುಗ್ಗಿದರೆ 24 ಕೆ.ಜಿ.

ಇದು ಕೈಗೆ ಹೇಗೆ ತಟ್ಟುತ್ತದೆ ಅಂತ ತಿಳಿಯಬೇಕಾದರೆ, ಅರ್ಧ ಮೀಟರ್ ಕೋಲಿನ ತುದಿಗೆ 6 ಕೆ.ಜಿ. ಅಕ್ಕಿ ಕಟ್ಟಿ, ಕೋಲನ್ನು ನೆಲಕ್ಕೆ ಅಡ್ಡವಾಗಿ ಹಿಡಿದು ನಿಲ್ಲಲು ನೋಡಿ. ಎರಡೂ ಕೈ ಸೇರಿಸಿದರೂ ಹೆಚ್ಚು ಹೊತ್ತು ಆಗುವುದಿಲ್ಲ. ಗಾಳಿ ಕೋಲಿಗೆ ಅಡ್ಡಲಾಗಿ ತಳ್ಳಿದಾಗ ಆಗುವುದು ಇದೇ. ಅದೇ ಛತ್ರಿಯನ್ನು ಗಾಳಿಯ ಕಡೆಗೆ ಬಾಗಿಸಿ, ಕೋಲು ಗಾಳಿಯ ದಿಕ್ಕಿನಲ್ಲೇ ಇರುವಂತೆ ಹಿಡಿದರೆ ಮಣಿಕಟ್ಟು ತಿರುಚುವುದೇ ಇಲ್ಲ. ಬಲ ನೇರವಾಗಿ ಕೋಲಿನ ಉದ್ದಕ್ಕೆ ನಿಮ್ಮ ಕಡೆ ಬರುತ್ತದೆ, ಅದೂ ಕಡಿಮೆ. ತೊಂದರೆ ಏನೆಂದರೆ ಗಾಳಿ ಒಂದೇ ದಿಕ್ಕಿನಿಂದ ಬರುವುದಿಲ್ಲ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಗೋಡೆಗುಂಟ ಕೆಳಗಿಳಿದು, ಮೂಲೆಯಲ್ಲಿ ಜೋರಾಗಿ ತಿರುಗುತ್ತದೆ. ಹೊರ ವರ್ತುಲ ರಸ್ತೆಯ ಟೆಕ್ ಪಾರ್ಕುಗಳ ಗೇಟಿನ ಹತ್ತಿರ ಇದು ಚೆನ್ನಾಗಿ ಗೊತ್ತಾಗುತ್ತದೆ. ನೀವು ಒಂದು ಕಡೆ ಬಾಗಿಸಿ ಹಿಡಿದಿರುತ್ತೀರಿ, ಮೂಲೆ ದಾಟಿದ ತಕ್ಷಣ ಇನ್ನೊಂದು ಕಡೆಯಿಂದ ನುಗ್ಗಿ ಎತ್ತುತ್ತದೆ.

ಹಾಗಾದರೆ ಎಷ್ಟು ವೇಗಕ್ಕೆ ಡಿಸೈನ್ ಮಾಡಬೇಕು? ಗಾಳಿಯ ಜೋರನ್ನು ಅಳೆಯುವ ಬ್ಯೂಫೋರ್ಟ್ ಮಾಪಕದಲ್ಲಿ ಒಂದು ಸೊಗಸಾದ ಸಾಲಿದೆ. 6ನೇ ಹಂತ, ಅಂದರೆ 39ರಿಂದ 49 ಕಿ.ಮೀ. ಗಾಳಿಯ ಗುರುತು ಹೇಳುವಾಗ, ದೊಡ್ಡ ಕೊಂಬೆಗಳು ಅಲ್ಲಾಡುತ್ತವೆ, ಛತ್ರಿ ಹಿಡಿಯುವುದು ಕಷ್ಟ ಅಂತ ಬರೆದಿದೆ. 8ನೇ ಹಂತ 62ರಿಂದ 74 ಕಿ.ಮೀ. ಅಲ್ಲಿ ನಡೆಯುವುದೇ ಕಷ್ಟ. ನಡೆಯಲೇ ಆಗದ ಗಾಳಿಗೆ ಛತ್ರಿ ಯಾಕೆ ಬೇಕು? ನನ್ನ ಪ್ರಕಾರ ನಿಮ್ಮ ಗುರಿ ಹೀಗಿರಲಿ: 50 ಕಿ.ಮೀ.ವರೆಗೆ ಆಕಾರ ಕೆಡಬಾರದು. ಅದಕ್ಕಿಂತ ಜೋರಾದರೆ ಛತ್ರಿ ಉಲ್ಟಾ ಆಗಲಿ, ಆದರೆ ಮುರಿಯದೇ, ಬಾಗದೇ ವಾಪಸ್ ಬರಲಿ. ಉಲ್ಟಾ ಆದ ಕ್ಷಣ ಉಬ್ಬು ಭಾಗ ಗಾಳಿಗೆ ಎದುರಾಗುತ್ತದೆ, ಕೈಮೇಲಿನ ಎಳೆತ ತಟ್ಟನೆ ಇಳಿಯುತ್ತದೆ. ಹಾಗಾಗಿ ಉಲ್ಟಾ ಆಗುವುದನ್ನು ತಪ್ಪು ಅಂತ ನೋಡಬೇಡಿ. ಯಾವ ವೇಗಕ್ಕೆ ಆಗಬೇಕು ಅನ್ನುವುದನ್ನು ನೀವೇ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಕಟ್ಟಿ.

ಇನ್ನು ಮುರಿಯುವ ಜಾಗ. ಇದು ಮುಖ್ಯ. ಸಿಟಿ ಮಾರ್ಕೆಟ್ ಕಡೆ ಮಳೆಗಾಲದಲ್ಲಿ ಫುಟ್‌ಪಾತ್ ಮೇಲೆ ಛತ್ರಿ ರಿಪೇರಿಗೆ ಕೂರುವವರು ಸಿಗುತ್ತಾರೆ. ಅವರ ಡಬ್ಬದಲ್ಲಿ ಹಳೇ ಛತ್ರಿಯಿಂದ ಕಿತ್ತ ಕಡ್ಡಿ, ತಂತಿ, ಸೂಜಿ ದಾರ ಎಲ್ಲ ಇರುತ್ತದೆ. ಒಬ್ಬರ ಪಕ್ಕ ಕೂತು ನೋಡುತ್ತಿದ್ದಾಗ ಅವರು ಹೇಳಿದ್ದು: "ಕಡ್ಡಿ ಎಲ್ಲಿ ಮುರೀತದೆ ಸಾರ್, ಕೀಲು ಹೋಗ್ತದೆ ಅಷ್ಟೆ." ನಿಮ್ಮ ಇಡೀ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ಸಲಹೆ ಸಿಗಲಾರದು.

ಮುರಿದ ಮೂರು ಮಡಿಕೆ ಛತ್ರಿ ಒಂದನ್ನು ತಗೊಂಡು ಹತ್ತಿರದಿಂದ ನೋಡಿ. ಉದ್ದ ಕಡ್ಡಿಯನ್ನು ಕೆಳಗಿನಿಂದ ಇನ್ನೊಂದು ಚಿಕ್ಕ ಕಡ್ಡಿ ಹಿಡಿದಿರುತ್ತದೆ. ಎರಡೂ ಸೇರುವ ಕಡೆ ಒಂದು ತೂತು, ಅದರಲ್ಲಿ ರಿವೆಟ್. ಕಡ್ಡಿ ತೆಳು ಅಲ್ಯೂಮಿನಿಯಂ ತಗಡನ್ನು ಮೋರಿಯ ಹಾಗೆ ಮಡಚಿ ಮಾಡಿದ್ದು. ಆ ತೂತಿನ ಅಂಚಿನಿಂದಲೇ ಬಿರುಕು ಹೊರಟಿರುತ್ತದೆ. ಯಾಕೆ ಅಂದರೆ ಕಡ್ಡಿ ಅತಿ ಹೆಚ್ಚು ಬಾಗುವ ಒತ್ತಡ ಬೀಳುವ ಜಾಗ ಅದೇ, ಮತ್ತು ಅದೇ ಜಾಗದಲ್ಲಿ ನಾವು ಲೋಹ ತೆಗೆದು ತೂತು ಕೊರೆದಿದ್ದೇವೆ. ಮೋರಿ ಆಕಾರದ ಕಡ್ಡಿ ಸ್ವತಃ ಒಳ್ಳೇ ಡಿಸೈನ್. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಸ್ಟೀಲಿನಲ್ಲಿ ಅದನ್ನು ತಂದಾಗ ಛತ್ರಿ ಹಗುರವಾಗಿಯೂ ಗಟ್ಟಿಯಾಗಿಯೂ ಆಯಿತು. ಆದರೆ ಮೂರು ಮಡಿಕೆಯಲ್ಲಿ ಪ್ರತಿ ಕಡ್ಡಿಯನ್ನೂ ಮೂರು ತುಂಡು ಮಾಡಿ, ಪ್ರತಿ ಕಡ್ಡಿಗೂ ಇನ್ನೆರಡು ಕೀಲು ಸೇರಿಸುತ್ತೇವೆ. ಬ್ಯಾಗಿಗೆ ಹಿಡಿಸಬೇಕಲ್ವಾ, ಅದಕ್ಕೆ ಕೊಡುವ ಬೆಲೆ ಅದು. ನಿಮ್ಮ ಪ್ರಾಜೆಕ್ಟಿಗೆ ಸಾಧ್ಯವಾದರೆ ಮಡಚದ ಉದ್ದ ಛತ್ರಿಯಿಂದ ಶುರು ಮಾಡಿ, ಇಲ್ಲವೇ ಎರಡು ಮಡಿಕೆಗೆ ನಿಲ್ಲಿಸಿ.

ಕೀಲನ್ನು ಎಲ್ಲಿಡಬೇಕು ಅನ್ನುವುದಕ್ಕೂ ಲೆಕ್ಕವಿದೆ. ಛತ್ರಿ ತುದಿಯ ಕಡೆಗೆ ಅಗಲವಾಗುತ್ತದೆ, ಆದ್ದರಿಂದ ಹೊರಗಿನ ಭಾಗದಲ್ಲೇ ಗಾಳಿಯ ಹೊರೆ ಜಾಸ್ತಿ. ಕೀಲು ಕಡ್ಡಿಯ ಸರಿ ಅರ್ಧದಲ್ಲಿದ್ದರೆ ಬರುವ ಬೆಂಡಿಂಗ್ ಮೊಮೆಂಟ್ (ಕಡ್ಡಿಯನ್ನು ಬಾಗಿಸುವ ಹೊರೆ), ಕೀಲನ್ನು ನೆತ್ತಿಯಿಂದ ಶೇಕಡಾ 60ರಷ್ಟು ದೂರಕ್ಕೆ ಸರಿಸಿದರೆ ಮೂರನೇ ಒಂದು ಭಾಗ ಕಡಿಮೆಯಾಗುತ್ತದೆ. ಇಂಟಿಗ್ರೇಷನ್ ಮಾಡಿ ನೋಡಿ, ಎರಡು ಸಾಲಿನ ಕೆಲಸ. ದಪ್ಪ ಸ್ಟೀಲ್ ಹಾಕದೆ, ಬರೀ ಜಾಗ ಬದಲಿಸಿ ಸಿಗುವ ಲಾಭ ಇದು. ಒಳಗಿನ ಚಿಕ್ಕ ಕಡ್ಡಿ ಸ್ವಲ್ಪ ಉದ್ದವಾಗುತ್ತದೆ, ಆದರೆ ಗಾಳಿ ಒಳಗಿಂದ ನುಗ್ಗಿದಾಗ ಅದರ ಮೇಲೆ ಬರುವುದು ಎಳೆತ ಮಾತ್ರ, ತಡೆದುಕೊಳ್ಳುತ್ತದೆ.

ಕಡ್ಡಿಗೆ ನಾನು ಫೈಬರ್‌ಗ್ಲಾಸ್ ಅನ್ನುತ್ತೇನೆ. ಸ್ಟೀಲ್ ಅದಕ್ಕಿಂತ ಸುಮಾರು ಐದು ಪಟ್ಟು ಬಿರುಸು, ಒಪ್ಪಿದೆ. ಆದರೆ ಇಲ್ಲಿ ನಮಗೆ ಬೇಕಾದ ಗುಣ ಬಿರುಸಲ್ಲ. ಸಾಮಾನ್ಯ ಸ್ಟೀಲ್ ಶೇಕಡಾ 0.2ರಷ್ಟು ಹಿಗ್ಗುವ ಹೊತ್ತಿಗೆ ಶಾಶ್ವತವಾಗಿ ಸೊಟ್ಟಗಾಗುತ್ತದೆ. ಫೈಬರ್‌ಗ್ಲಾಸ್ ಶೇಕಡಾ 2ರ ಹತ್ತಿರದವರೆಗೂ ಹಿಗ್ಗಿ ನೆಟ್ಟಗೆ ವಾಪಸ್ ಬರುತ್ತದೆ. ಒಂದೇ ಎಚ್ಚರಿಕೆ: ಅದಕ್ಕೆ ತೂತು ಕೊರೆಯಬೇಡಿ. ಎಳೆಗಳು ಕತ್ತರಿಸಿ, ಅಲ್ಲಿಂದಲೇ ಸೀಳುತ್ತದೆ. ನೈಲಾನಿನ ಒಂದು ಪುಟ್ಟ ತೋಳು ಮಾಡಿಸಿ, ಕಡ್ಡಿಯನ್ನು ಅದರೊಳಗೆ ತೂರಿಸಿ ಎಪಾಕ್ಸಿಯಿಂದ ಅಂಟಿಸಿ. ರಿವೆಟ್ ಆ ತೋಳಿನ ಕಿವಿಗೆ ಬೀಳಲಿ, ಕಡ್ಡಿಗೆ ಬೇಡ. ಲೋಹದ ಕೊಳವೆ ಹಾಕಿ ಇಕ್ಕಳದಿಂದ ಜಜ್ಜಿದರೂ ಎಳೆಗಳು ಒಳಗೇ ಪುಡಿಯಾಗುತ್ತವೆ. ಕತ್ತರಿಸುವಾಗ ಮಾಸ್ಕ್ ಹಾಕಿಕೊಳ್ಳಿ, ಆ ಧೂಳು ಒಳ್ಳೆಯದಲ್ಲ.

ಎರಡು ಪದರದ ಬಟ್ಟೆ, ಅಂದರೆ ಮೇಲೆ ಗಾಳಿ ಹೋಗಲು ಕಿಂಡಿ ಇರುವ ಛತ್ರಿ, ಕೆಲಸ ಮಾಡುತ್ತದೆ. ಒಳಗೆ ನುಗ್ಗಿದ ಗಾಳಿ ಕಿಂಡಿಯಿಂದ ಹೊರಗೆ ಹೋಗುತ್ತದೆ, ಮೇಲಿನ ಪದರ ಕೆಳಗಿನದರ ಮೇಲೆ ಚಾಚಿಕೊಂಡಿರುವುದರಿಂದ ಮಳೆ ಒಳಗೆ ಬರುವುದಿಲ್ಲ. ಆದರೆ ಅಗ್ಗದ ಎಷ್ಟೋ ಛತ್ರಿಗಳಲ್ಲಿ ಇದು ಸುಮ್ನೆ ತೋರಿಕೆಗೆ. ಮೇಲಿನ ಪದರವನ್ನು ಬೆರಳಿಂದ ಎತ್ತಿ ನೋಡಿ. ಕಡ್ಡಿ ಕಡ್ಡಿಯ ನಡುವೆ ಹೊಲಿಗೆ ಹಾಕಿ ಮುಚ್ಚಿಬಿಟ್ಟಿದ್ದರೆ, ಎರಡು ಬೆರಳೂ ತೂರದಿದ್ದರೆ, ಗಾಳಿ ಎಲ್ಲಿಂದ ಹೋಗಬೇಕು? ಅಂಗೈ ತೂರುವಷ್ಟು ಜಾಗ ಬೇಕು, ಮತ್ತು ಪದರ ತಾನಾಗಿ ಏಳುವಷ್ಟು ಸಡಿಲವಾಗಿರಬೇಕು.

ಆಕಾರವನ್ನೇ ಬದಲಿಸಿದವರೂ ಇದ್ದಾರೆ. ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಂದ ಹುಟ್ಟಿದ ಸೆನ್ಜ್ ಛತ್ರಿ 2006ರಲ್ಲಿ ಮಾರುಕಟ್ಟೆಗೆ ಬಂತು. ಮುಂದೆ ಗಿಡ್ಡ, ಹಿಂದೆ ಉದ್ದ, ಕೋಲು ನಡುವಿನಲ್ಲಿಲ್ಲ. ಗಾಳಿ ಬಂದಾಗ ಅದು ತಾನೇ ತಿರುಗಿ ಅನುಕೂಲದ ದಿಕ್ಕಿಗೆ ನಿಲ್ಲುತ್ತದೆ. ಗಾಳಿ ಎದುರಿಸುವ ಕಡೆ ಕಡ್ಡಿ ಗಿಡ್ಡ ಇರುವುದರಿಂದ ಉಲ್ಟಾ ಮಾಡಲು ಹಿಡಿತವೇ ಸಿಗುವುದಿಲ್ಲ. ದೊಡ್ಡ ಮಾದರಿಗೆ ತಯಾರಕರು ಹೇಳುವ ಮಿತಿ 100 ಕಿ.ಮೀ. ನ್ಯೂಜಿಲೆಂಡಿನ ಬ್ಲಂಟ್ ಅನ್ನುವ ಛತ್ರಿ ಕಂಪನಿ ಬೇರೆ ದಾರಿ ಹಿಡಿದಿದೆ. ಅಲ್ಲಿ ಕಡ್ಡಿಯ ತುದಿ ಚೂಪಾಗಿಲ್ಲ, ಅಗಲ. ಬಟ್ಟೆಯನ್ನು ಅಂಚಿನವರೆಗೂ ಬಿಗಿಯಾಗಿ ಎಳೆದಿಡುತ್ತದೆ. ಬಿಗಿಯಾದ ಅಂಚು ಪಟಪಟ ಬಡಿದುಕೊಳ್ಳುವುದಿಲ್ಲ, ಉಲ್ಟಾ ಆಗುವುದು ಶುರುವಾಗುವುದೇ ಅಂಚು ಏಳುವುದರಿಂದ. ಎರಡನ್ನೂ ನಕಲು ಮಾಡಬೇಡಿ, ಆದರೆ ಎರಡರ ಹಿಂದಿನ ಯೋಚನೆಯನ್ನು ಅರ್ಥ ಮಾಡಿಕೊಳ್ಳಿ.

ನಮ್ಮ ಮಲೆನಾಡಿನ ಗೊರಬನ್ನೂ ನೋಡಿ ಅಂತ ಹೇಳುತ್ತೇನೆ. ನಾಟಿ ಮಾಡುವವರು ಬೆನ್ನ ಮೇಲೆ ಹೊದ್ದುಕೊಳ್ಳುತ್ತಿದ್ದ ಎಲೆಯ ಹೊದಿಕೆ ಅದು. ಹಿಡಿಕೆ ಇಲ್ಲ, ಕೋಲಿಲ್ಲ, ಮೈಗೆ ಅಂಟಿಕೊಂಡೇ ಇರುತ್ತದೆ. ಗಾಳಿಗೆ ಎತ್ತಲು ಜಾಗವೇ ಸಿಗುವುದಿಲ್ಲ. ಪೇಟೆಯಲ್ಲಿ ಅದನ್ನು ಹೊದ್ದು ಮೆಟ್ರೋ ಹತ್ತಲು ಆಗುವುದಿಲ್ಲ, ನಿಜ. ಆದರೆ ಛತ್ರಿ ತಲೆಗೆ ಹತ್ತಿರವಾದಷ್ಟೂ, ಕೋಲು ಗಿಡ್ಡವಾದಷ್ಟೂ ಮಣಿಕಟ್ಟಿಗೆ ಹಗುರ ಅನ್ನುವುದನ್ನು ಅದರಿಂದ ತೆಗೆದುಕೊಳ್ಳಬಹುದು. ಅಗಲವೂ ಹಾಗೇ. 1 ಮೀಟರಿನಿಂದ 90 ಸೆಂ.ಮೀ.ಗೆ ಇಳಿಸಿದರೆ ಬಲ ಶೇಕಡಾ 19 ಕಡಿಮೆ.

ಈಗ ಪರೀಕ್ಷೆ. ವಿಂಡ್ ಟನೆಲ್ (ಬೇಕಾದ ವೇಗದ ಗಾಳಿ ಬಿಟ್ಟು ಪರೀಕ್ಷಿಸುವ ಸುರಂಗ) ಸಿಗಲಿಲ್ಲ ಅಂತ ಕೂರಬೇಡಿ. ಸ್ಕೂಟರ್ ಹಿಂದೆ ಛತ್ರಿ ಬಿಚ್ಚಿ ನೋಡುವ ಯೋಚನೆಯಂತೂ ಬೇಡವೇ ಬೇಡ, ಗಾಡಿಯಲ್ಲಿ ಛತ್ರಿ ಹಿಡಿದು ಬಿದ್ದವರು ಎಷ್ಟೋ ಜನ. ಛತ್ರಿಯನ್ನು ಬಿಚ್ಚಿ, ಹಿಡಿ ಮೇಲೆ ಬರುವಂತೆ ತಲೆಕೆಳಗಾಗಿ ಗಟ್ಟಿ ಕೊಕ್ಕೆಗೆ ನೇತುಹಾಕಿ. ಈಗ ಭೂಮಿ ಎಳೆಯುವ ದಿಕ್ಕು, ಒಳಗೆ ನುಗ್ಗಿದ ಗಾಳಿ ತಳ್ಳುವ ದಿಕ್ಕು ಎರಡೂ ಒಂದೇ. ಪ್ರತಿ ಕಡ್ಡಿಗೂ ನೆತ್ತಿಯಿಂದ ಮೂರನೇ ಎರಡು ಭಾಗ ದೂರದಲ್ಲಿ ದಾರ ಕಟ್ಟಿ. ಗಾಳಿಯ ಒಟ್ಟು ಹೊರೆ ಬೀಳುವ ಜಾಗ ಹೆಚ್ಚೂ ಕಡಿಮೆ ಅದೇ. ಎಂಟು ಕಡ್ಡಿಗೂ ಮುಕ್ಕಾಲು ಲೀಟರ್ ನೀರಿನ ಒಂದೊಂದು ಬಾಟಲಿ ತೂಗುಹಾಕಿ. ಒಟ್ಟು 6 ಕೆ.ಜಿ., ಅಂದರೆ ನಿಮ್ಮ 36 ಕಿ.ಮೀ. ಗಾಳಿ. ಬಾಟಲಿಗೆ 1.7 ಕೆ.ಜಿ. ಆದರೆ 54 ಕಿ.ಮೀ., 3 ಕೆ.ಜಿ. ಆದರೆ 72. ಎಷ್ಟಕ್ಕೆ ಉಲ್ಟಾ ಆಯಿತು ಅಂತ ಬರೆದಿಡಿ. ಆಮೇಲೆ ತೂಕ ತೆಗೆದು, ಜಾರುವ ಬಳೆಯನ್ನು ಹಿಡಿಯ ಕಡೆ ಎಳೆದು ಮುಚ್ಚಿ, ಮತ್ತೆ ಬಿಚ್ಚಿ. ಪ್ರತಿ ಕಡ್ಡಿಗೂ ಸ್ಕೇಲ್ ಇಟ್ಟು ಸೊಟ್ಟಗಾಗಿದೆಯಾ ನೋಡಿ. ತುದಿಯಲ್ಲಿ ಬಟ್ಟೆ ಕಟ್ಟಿದ ದಾರವನ್ನೂ ನೋಡಿ, ಕಡ್ಡಿಗಿಂತ ಮೊದಲು ಅದೇ ಹರಿದಿರಬಹುದು.

ಇದಾದ ಮೇಲೆ ಒಂದೇ ಪಕ್ಕದ ಮೂರು ಕಡ್ಡಿಗಳಿಗೆ ಮಾತ್ರ ತೂಕ ಹಾಕಿ ಇನ್ನೊಮ್ಮೆ ಮಾಡಿ. ಆಷಾಢದ ಗಾಳಿಯಾಗಲಿ, ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯ ಗಾಳಿಯಾಗಲಿ, ಮೊದಲು ಒಂದು ಅಂಚನ್ನೇ ಹಿಡಿದು ಎತ್ತುತ್ತದೆ. ಎಂಟಕ್ಕೂ ಸಮನಾಗಿ ಹಾಕಿದಾಗ ಗಟ್ಟಿ ಕಂಡ ಛತ್ರಿ ಇಲ್ಲಿ ಬೇಗ ಸೋಲಬಹುದು. ಹಾಗೆ ಸೋತರೆ ಸೋತ ಆ ಕಡ್ಡಿಯ ಕೀಲನ್ನು ಬಿಚ್ಚಿ, ಮೊದಲು ಅದನ್ನು ಸರಿಮಾಡಿ.