ಆಕ್ಸಿಡೇಶನ್ ಆದಮೇಲೂ ಗಂಧಕ ಯಾಕೆ ಇಳಿದಿಲ್ಲ?

ಗಂಧಕ ತೆಗೆಯಲು ಹೈಡ್ರೋಜನ್ ಪೆರಾಕ್ಸೈಡ್, ಕ್ಯಾಟಲಿಸ್ಟ್ (ಕ್ರಿಯೆಯ ವೇಗ ಹೆಚ್ಚಿಸುವ ವಸ್ತು) ಹಾಕಿ ಡೀಸೆಲ್ ಕಲಕಿದರೂ ಗಂಧಕದ ಅಳತೆ ಹಾಗೇ ಇದೆ ಅಂತ ಕೇಳಿದ್ದೀರಿ. ಕ್ಯಾಟಲಿಸ್ಟ್ ಮೇಲೆ ಈಗಲೇ ಅನುಮಾನ ಬೇಡ. ಆಕ್ಸಿಡೇಶನ್ ಗಂಧಕವನ್ನು ಹೊರಗೆ ಹಾಕುವುದಿಲ್ಲ, ಅದರ ರೂಪ ಬದಲಿಸುತ್ತದೆ ಅಷ್ಟೆ. ಉದಾಹರಣೆಗೆ, ಡೀಸೆಲ್‌ನಲ್ಲಿರುವ ಗಂಧಕದ ಸಂಯುಕ್ತವಾದ ಡೈಬೆಂಜೋಥಯೋಫೀನ್ ಎರಡು ಆಕ್ಸಿಜನ್ ಪರಮಾಣು ಸೇರಿಸಿಕೊಂಡು ಸಲ್ಫೋನ್ ಆಗುತ್ತದೆ. ಅದು ಇನ್ನೂ ನಿಮ್ಮ ಡೀಸೆಲ್‌ನಲ್ಲೇ ಇರಬಹುದು. ಸಲ್ಫೋನ್ ಪೋಲಾರ್ (ಅಣುವಿನಲ್ಲಿ ವಿದ್ಯುದಾವೇಶ ಸಮನಾಗಿ ಹಂಚಿಲ್ಲ) ಆದ್ದರಿಂದ ಅದನ್ನು ಪೋಲಾರ್ ದ್ರಾವಕವಾದ ಅಸಿಟೋನೈಟ್ರೈಲ್‌ನಲ್ಲಿ ತೊಳೆದು ತೆಗೆಯಿರಿ, ಇಲ್ಲವೇ ಸಿಲಿಕಾ ಜೆಲ್ ಮೂಲಕ ಹಾಯಿಸಿ. ಆಮೇಲೆ ಅಳೆಯಿರಿ. ಅಸಿಟೋನೈಟ್ರೈಲ್ ಡೀಸೆಲ್‌ನ ಸ್ವಲ್ಪ ಆರೋಮ್ಯಾಟಿಕ್‌ಗಳನ್ನೂ (ಬೆಂಜೀನ್ ಉಂಗುರದ ಹೈಡ್ರೋಕಾರ್ಬನ್‌ಗಳು) ಎಳೆದುಕೊಳ್ಳುತ್ತದೆ, ಹಾಗಾಗಿ ನಾನಾದರೆ ಮೊದಲು ಸಿಲಿಕಾ ನೋಡುತ್ತೇನೆ.

ಇನ್ನೊಂದು ಮಾತು. ಬಿಸಿ ಜಾಸ್ತಿ ಮಾಡಬೇಡಿ, 60 ಡಿಗ್ರಿ ಸೆಲ್ಸಿಯಸ್ ಆಸುಪಾಸು ಸಾಕು. ಬಿಸಿ ಏರಿದಷ್ಟೂ ಪೆರಾಕ್ಸೈಡ್ ಸುಮ್ನೆ ಒಡೆದು ಆಕ್ಸಿಜನ್ ಬಿಡುತ್ತದೆ. ಡೀಸೆಲ್ ಆವಿಯ ಜೊತೆ ಅದು ಅಪಾಯ ಅಲ್ವಾ? ದಯವಿಟ್ಟು ಪಾತ್ರೆಯನ್ನು ಬಿಗಿಯಾಗಿ ಮುಚ್ಚಬೇಡಿ.